ಹಿಂದಿನ ಸೀಟಿನ ಸಂಸಾರ

ನಮ್ಮ ಬಿಸ್ಕತ್ತು ಕಾರ್ಖಾನೆಯ ಎರಡನೇ ಪಾಳಿ ಬಿಡುವ ಹೊತ್ತಿಗೆ ಊರು ಒಂದು ನಿದ್ದೆ ಮುಗಿಸಿ ಮಗ್ಗುಲು ಬದಲಾಯಿಸುತ್ತಿರುತ್ತದೆ. ಕೊನೆಯ ಬಸ್ಸು ಯಾವಾಗಲೋ ಹೋಗಿರುತ್ತದೆ. ಗೇಟಿನ ದೊಡ್ಡ ದೀಪ ದಾಟಿದರೆ ಗೋದಾಮುಗಳ ಗೋಡೆ, ಖಾಲಿ ಸೈಟುಗಳು, ಹಿಂದೀಪ ಆರಿಸಿಕೊಂಡು ರಸ್ತೆಯಂಚಿನಲ್ಲಿ ಮಲಗಿದ ಲಾರಿಗಳು. ಹಾಗಾಗಿ ಗಾಡಿ ಇರುವವರೆಲ್ಲ ಒಟ್ಟಿಗೆ ಹೊರಡುವುದು ಮೊದಲಿನಿಂದ ಬಂದ ರೂಢಿ. ಒಂದರ ಹಿಂದೆ ಒಂದು, ನಡುವೆ ಒಂದು ಲಾರಿ ಹಿಡಿಸುವಷ್ಟು ಜಾಗ ಬಿಟ್ಟು, ಮುಂದಿನವರ ಕೆಂಪು ದೀಪ ನೋಡಿಕೊಂಡು ಹೋಗುವುದು. ತನ್ನ ತಿರುವು ಬಂದವರು ಹಾರನ್ ಹೊಡೆದು ಕಳಚಿಕೊಳ್ಳುವುದು. ಇದಕ್ಕೆ ರೈಲು ಎಂದು ಹೆಸರು.

ಮುಂದಿನವರು ಎಂಜಿನ್ ಮಾವ. ಅವರ ಹಿಂದೆ ಸ್ಕೂಟರಿನಲ್ಲಿ ಪ್ಯಾಕಿಂಗ್ ಅಕ್ಕ, ಅವಳ ಹಿಂದೆ ಸ್ಟೋರ್ ಅಣ್ಣ. ಎಲ್ಲರಿಗಿಂತ ಕೊನೆಗೆ ಗಾರ್ಡು, ಅಂದರೆ ನಾನು. ಗಾರ್ಡು ಎಂದರೆ ಬಹಳ ಜವಾಬ್ದಾರಿಯ ಹುದ್ದೆ ಎಂದು ಮನೆಗೆ ಫೋನು ಮಾಡಿದಾಗ ಕೊಚ್ಚಿಕೊಂಡಿದ್ದೇನೆ. ನನ್ನನ್ನು ನಂಬಿ ಹಿಂದೆ ಬರಲು ಯಾರೂ ಒಪ್ಪದ್ದರಿಂದ ಹಿಂದಕ್ಕೆ ಹಾಕಿದ್ದರು ಎಂಬುದು ಒಳಗಿನ ವಿಷಯ. ಕಾರ್ಖಾನೆಯ ಒಳಗೂ ನನ್ನದು ಅಂಥದೇ ಸ್ಥಾನ. ಬೆಲ್ಟಿನ ಮೇಲೆ ಹರಿದು ಬರುವ ಬಿಸ್ಕತ್ತುಗಳಲ್ಲಿ ಒಡೆದದ್ದು, ಸೀದದ್ದು ಆರಿಸಿ ಪಕ್ಕಕ್ಕೆ ಹಾಕುವ ಕೆಲಸ. ಅದಕ್ಕೆ ಆಫೀಸಿನವರು ಉದ್ದವಾದ ಹೆಸರಿಟ್ಟಿದ್ದಾರೆ. ಪ್ಯಾಕಿಂಗ್ ಅಕ್ಕ "ಚೂರು ಆಯೋನು" ಎನ್ನುತ್ತಾಳೆ.

ಎಂಜಿನ್ ಮಾವ ಓವನ್ ವಿಭಾಗದ ಫಿಟ್ಟರು. ನಿವೃತ್ತಿಗೆ ಇನ್ನೂ ವರ್ಷಗಳಿದ್ದರೂ ತಲೆಗೂದಲು ಮೊದಲೇ ನಿವೃತ್ತಿ ತೆಗೆದುಕೊಂಡಿತ್ತು. ಹೊಟ್ಟೆ ಮಾತ್ರ ಓವರ್‌ಟೈಮು ಮಾಡುತ್ತಿತ್ತು. ಪಾಳಿ ಮುಗಿದ ಮೇಲೆ ಅವರು ನೇರವಾಗಿ ಗಾಡಿ ಹತ್ತಿದ್ದನ್ನು ನಾನು ನೋಡಿಲ್ಲ. ಮೊದಲು ಜೇಬಿನಿಂದ ಹತ್ತಿಬಟ್ಟೆಯ ತುಂಡು ತೆಗೆದು ಹೆಡ್‌ಲೈಟಿನ ಗಾಜು ಒರೆಸುವುದು, ಆಮೇಲೆ ಹಿಂದೀಪ, ಆಮೇಲೆ ಹೆಲ್ಮೆಟ್ಟಿನ ಗಾಜು, ಕೊನೆಗೆ ಎರಡೂ ಚಕ್ರಕ್ಕೆ ಒಂದೊಂದು ಒದೆ. ದೇಹಕ್ಕೆ ದಪ್ಪನೆಯ ಜಾಕೆಟ್ಟು, ಅದರ ಬೆನ್ನಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ. ಪಟ್ಟಿಯನ್ನು ಹೊಲಿದವರು ಅವರ ಹೆಂಡತಿ. ಹೊಲಿಗೆ ಸ್ವಲ್ಪ ಸೊಟ್ಟ. ಹಿಂದಿನಿಂದ ನೋಡಿದರೆ ಮಾವ ಸದಾ ಎಡಕ್ಕೆ ವಾಲಿದಂತೆ ಕಾಣುತ್ತಿತ್ತು.

ನಾನು ರೈಲಿಗೆ ಸೇರಿದ ಮೊದಲ ರಾತ್ರಿ ಅವರು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆಗ ನನ್ನ ಹೆಲ್ಮೆಟ್ಟಿಗೆ ಕಪ್ಪು ಗಾಜು ಇತ್ತು. ಅದನ್ನು ಹಾಕಿಕೊಂಡರೆ ನಾನು ಯಾರೋ ದೊಡ್ಡ ಮನುಷ್ಯನಂತೆ ಕಾಣುತ್ತೇನೆ ಎಂಬ ಭ್ರಮೆಯಿತ್ತು.

"ಏನಪ್ಪಾ ಇದು?"

"ಸ್ಟೈಲು ಮಾವ."

"ರಾತ್ರಿ ಹೊತ್ತು ಕಪ್ಪು ಗಾಜಾ? ನಿಂಗೆ ರಸ್ತೆ ಕಾಣಲ್ಲ, ರಸ್ತೇಲಿ ಇರೋರಿಗೆ ನೀನು ಕಾಣಲ್ಲ. ಸ್ಟೈಲು ನೋಡೋರು ಯಾರು, ನಾಯಿಗಳಾ?"

ಪ್ಯಾಕಿಂಗ್ ಅಕ್ಕ ಕಿಸಕ್ಕನೆ ನಕ್ಕಳು. ಮಾವ ನನ್ನ ಹೆಡ್‌ಲೈಟು ಹಾಕಿಸಿದರು. ನನ್ನದು ಮೂರನೆಯವರಿಂದ ಕೊಂಡ ಗಾಡಿ. ದೀಪ ರಸ್ತೆ ಬಿಟ್ಟು ಎದುರಿನ ಮರದ ತುದಿ ತೋರಿಸಿತು.

"ಗೂಬೆಗಳಿಗೆ ಉಪಕಾರ ಮಾಡ್ತಿದಾನೆ, ಒಳ್ಳೆ ಹುಡುಗ," ಎಂದು ಸ್ಟೋರ್ ಅಣ್ಣ ಸರ್ಟಿಫಿಕೇಟು ಕೊಟ್ಟರು. ಮಾವ ಸ್ಕ್ರೂಡ್ರೈವರು ತಂದು ದೀಪವನ್ನು ನೆಲಕ್ಕೆ ಇಳಿಸಿದರು. ಹೊರಡುವ ಮುಂಚೆ ಹೇಳಿದ್ದು ಇಷ್ಟೇ: "ನಿನ್ನ ಬೆಳಕು ಎಲ್ಲಿವರೆಗೆ ಬೀಳುತ್ತೋ ಅಷ್ಟರೊಳಗೆ ನಿಲ್ಲೋಕೆ ಆಗ್ಬೇಕು. ಅದಕ್ಕಿಂತ ಜೋರು ಹೋದೆ ಅಂದ್ರೆ ಕಣ್ಣು ಮುಚ್ಕೊಂಡು ಹೋದ ಹಾಗೆ. ಎದುರಿಂದ ಕಣ್ಣಿಗೆ ಹೊಡೆಯೋ ಲೈಟು ಬಂದ್ರೆ ಅದನ್ನ ದಿಟ್ಟಿಸ್ಬೇಡ. ನಿಧಾನ ಮಾಡಿ ಎಡಗಡೆ ಬಿಳಿ ಗೆರೆ ನೋಡ್ಕೊಂಡು ಹೋಗು. ಮತ್ತೆ, ಜೋಡಿ ಹೋಗ್ಬೇಡ. ಮಾತಾಡೋದಿದ್ರೆ ಗೇಟಲ್ಲೇ ಮುಗ್ಸು."

ಮಾತಾಡುವುದು ಗೇಟಿನಲ್ಲೇ ಮುಗಿಯಬೇಕು ಎಂಬ ಕಾನೂನು ನಮಗೆ ಮಾತ್ರ. ಮಾವನಿಗೆ ಅಲ್ಲ.

ಕಾರ್ಖಾನೆಗೂ ಊರಿಗೂ ನಡುವೆ ಒಂದು ನರ್ಸಿಂಗ್ ಹೋಮ್ ಇದೆ. ಅದರ ಹೆರಿಗೆ ವಾರ್ಡಿನಲ್ಲಿ ಮಾವನ ಹೆಂಡತಿ ಆಯಾ. ಅವರದ್ದೂ ಎರಡನೇ ಪಾಳಿ. ನಾವೆಲ್ಲ ಅವರನ್ನು ಅತ್ತೆ ಎನ್ನುತ್ತೇವೆ. ರೈಲು ಅಲ್ಲಿ ಒಂದು ನಿಮಿಷ ನಿಲ್ಲುತ್ತದೆ. ಅತ್ತೆ ಕೈಚೀಲ ಕಂಕುಳಿಗೆ ಸಿಕ್ಕಿಸಿ, ಹೆಲ್ಮೆಟ್ಟು ಕಟ್ಟಿಕೊಂಡು, ಮಾವನ ಭುಜ ಹಿಡಿದು ಹತ್ತುತ್ತಾರೆ. ಹತ್ತಿದ ಕ್ಷಣದಿಂದ ಮಾತು ಶುರು. ಗಾಡಿಯ ಸದ್ದಿನಲ್ಲಿ ನಮಗೆ ಒಂದಕ್ಷರ ಕೇಳುತ್ತಿರಲಿಲ್ಲ. ಅತ್ತೆಯ ತಲೆ ಮಾವನ ಹೆಗಲ ಹತ್ತಿರ ಬಗ್ಗಿರುವುದು, ಆಗಾಗ ಒಂದು ಕೈ ಎದ್ದು ಅತ್ತಿತ್ತ ಆಡುವುದು, ಮಾವನ ಹೆಲ್ಮೆಟ್ಟು ಹೌದು ಹೌದು ಎಂದು ಅಲ್ಲಾಡುವುದು ಕಾಣುತ್ತಿತ್ತು. ಊರ ಅಂಚಿನ ತಮ್ಮ ಓಣಿಯ ಮೂಲೆ ಬರುವ ತನಕ ಅದು ನಿಂತದ್ದಿಲ್ಲ.

"ಮನೇಲಿ ಇಡೀ ದಿನ ಮಾತಾಡಿ ಸಾಲದಾ ಇವರಿಗೆ?" ಎಂದು ಒಮ್ಮೆ ನಾನು ಅಕ್ಕನನ್ನು ಕೇಳಿದೆ.

"ನೀನು ಅವರ ಮನೆ ನೋಡಿಲ್ಲ, ಅದಕ್ಕೆ ಕೇಳ್ತೀಯ," ಎಂದಳು.

ಆಮೇಲೆ ನೋಡಿದೆ. ಎರಡು ಕೋಣೆ. ಒಂದರಲ್ಲಿ ಮಗ, ಸೊಸೆ, ಅವಳಿ ಮೊಮ್ಮಕ್ಕಳು. ಇನ್ನೊಂದರಲ್ಲಿ ಮಾವ, ಅತ್ತೆ ಮತ್ತು ಮಾವನ ತಾಯಿ. ಅಜ್ಜಿಗೆ ಕಿವಿ ಕೇಳಿಸುವುದಿಲ್ಲ ಎಂದು ಮನೆಯವರು ಹೇಳುತ್ತಾರೆ. ಅಜ್ಜಿಗೆ ಅನುಕೂಲವಾದಾಗ ಅದು ನಿಜ. ಗೋಡೆ ಅಂದರೆ ಹೆಸರಿಗೆ ಗೋಡೆ. ಈ ಕೋಣೆಯಲ್ಲಿ ಆಕಳಿಸಿದರೆ ಆ ಕೋಣೆಯಲ್ಲಿ "ನಿದ್ದೆ ಬಂತಾ?" ಎಂದು ಕೇಳುತ್ತಾರೆ. ಅಲ್ಲಿ ಗಂಡ ಹೆಂಡತಿ ಇಬ್ಬರೇ ಕೂತು ಒಂದು ಮಾತಾಡಲು ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಸೊಸೆಯ ಮೇಲಿನ ದೂರು, ಮಗನ ಕೆಲಸದ ಚಿಂತೆ, ವಾರ್ಡಿನಲ್ಲಿ ಆ ದಿನ ಹುಟ್ಟಿದ ಮಗುವಿನ ಮೂಗು, ಒಬ್ಬರ ಮೇಲೊಬ್ಬರ ಸಿಟ್ಟು, ಆಮೇಲೆ ರಾಜಿ, ಎಲ್ಲವೂ ಆ ಹಿಂದಿನ ಸೀಟಿನಲ್ಲೇ ನಡೆಯಬೇಕಿತ್ತು. ಅವರ ಸಂಸಾರ ಇದ್ದದ್ದು ನರ್ಸಿಂಗ್ ಹೋಮಿನ ಗೇಟಿನಿಂದ ಓಣಿಯ ಮೂಲೆಯವರೆಗೆ.

ಹೀಗೇ ನಡೆಯುತ್ತಿದ್ದಾಗ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಕಾರ್ಖಾನೆಯ ಕಡೆಗಿದ್ದ ಭಾಗಕ್ಕೆ ಹೊಸ ಟಾರು ಬಳಿದರು. ಟಾರು ಎಷ್ಟು ನುಣುಪಾಗಿತ್ತು ಎಂದರೆ ಬೈಕು ಬೆಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಆದರೆ ಗೆರೆ ಎಳೆಯುವವರು ಇನ್ನೂ ಬಂದಿರಲಿಲ್ಲ. ರಾತ್ರಿಯಲ್ಲಿ ರಸ್ತೆ ಯಾವುದು, ಪಕ್ಕದ ಮಣ್ಣು ಯಾವುದು ಎಂದು ತಿಳಿಯದಂತೆ ಎಲ್ಲವೂ ಒಂದೇ ಕಪ್ಪು.

ಆ ರಾತ್ರಿ ಎದುರಿನಿಂದ ಸಾಲಾಗಿ ಲಾರಿಗಳು ಬಂದವು. ಒಬ್ಬನೂ ದೀಪ ತಗ್ಗಿಸಲಿಲ್ಲ. ನಾನು ಕಲಿತ ಪಾಠದಂತೆ ನಿಧಾನ ಮಾಡಿ ಎಡಕ್ಕೆ ನೋಡಿದೆ, ಗೆರೆ ಇರಲಿಲ್ಲ. ಸರಿ, ಮುಂದಿನವರ ಕೆಂಪು ದೀಪ ಇದೆಯಲ್ಲ ಎಂದು ಅದನ್ನೇ ಹಿಡಿದೆ. ಕೆಂಪು ದೀಪ ಎಡಕ್ಕೆ ಹೊರಳಿತು. ನಾನೂ ಹೊರಳಿದೆ. ಚಕ್ರದ ಕೆಳಗೆ ಟಾರು ಹೋಗಿ ಜಲ್ಲಿ ಬಂತು. ಜಲ್ಲಿ ಹೋಗಿ ಗಡಗಡ ಎಂದು ಕಬ್ಬಿಣದ ಸದ್ದು ಬಂತು. ಎಲ್ಲರೂ ನಿಂತೆವು. ಸುತ್ತ ಗೋಡೆ, ಮುಂದೆ ಒಂದು ಸಣ್ಣ ಕೋಣೆ, ಅದರ ಕಿಟಕಿಯಲ್ಲಿ ದೀಪ ಹತ್ತಿತು. ಮಫ್ಲರು ಸುತ್ತಿಕೊಂಡ ಮುದುಕನೊಬ್ಬ ಕಣ್ಣುಜ್ಜುತ್ತ ಹೊರಬಂದು ನಮ್ಮ ಸಾಲನ್ನು ತುದಿಯಿಂದ ತುದಿಗೆ ನೋಡಿದ.

"ಖಾಲಿನಾ, ಲೋಡಾ?" ಎಂದು ಕೇಳಿದ.

ನಾವು ನಿಂತಿದ್ದದ್ದು ಲಾರಿ ತೂಗುವ ಕಬ್ಬಿಣದ ಹಲಗೆಯ ಮೇಲೆ.

ಸ್ಟೋರ್ ಅಣ್ಣ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ನಗಲು ಶುರು ಮಾಡಿದರು. ಅಕ್ಕನಿಗೆ ನಗು ತಡೆಯಲಾಗದೆ ಸ್ಕೂಟರೇ ಆಫ್ ಆಯಿತು. "ಗಾರ್ಡನ್ನ ಇಳಿಸಿ ತೂಗಿ ಅಜ್ಜ, ಅವನದ್ದು ಬರೀ ಖಾಲಿ," ಎಂದಳು. ನಾನೂ ನಕ್ಕೆ. ನಗದೆ ಏನು ಮಾಡಲಿ? ಒಬ್ಬರು ತಪ್ಪಿದರೆ ಹಿಂದಿನವರು ಹಾರನ್ ಹೊಡೆದು ಎಚ್ಚರಿಸಬೇಕು. ನಾವು ಯಾರೂ ಹೊಡೆದಿರಲಿಲ್ಲ. ಮಾವನ ಕೆಂಪು ದೀಪ ಬಾವಿಗೆ ಇಳಿದಿದ್ದರೂ ನಾವು ಶಿಸ್ತಾಗಿ ಅಂತರ ಕಾಯ್ದುಕೊಂಡು ಒಬ್ಬರ ಹಿಂದೊಬ್ಬರು ಇಳಿಯುತ್ತಿದ್ದೆವು.

ಮಾವ ಮಾತ್ರ ಹೆಲ್ಮೆಟ್ಟು ತೆಗೆಯಲಿಲ್ಲ. "ಟ್ಯಾಂಕು ನೋಡೋಣ ಅಂತ ಒಳಗೆ ತಂದೆ," ಎಂದರು. ಟ್ಯಾಂಕು ನೋಡಲಿಲ್ಲ. ಗಾಡಿ ತಿರುಗಿಸುವಾಗ ಗೋಡೆ ಎಷ್ಟು ದೂರ ಇದೆ ಎಂದು ಕೈ ಚಾಚಿ ಮುಟ್ಟಿ ನೋಡಿದರು. ಕಿಟಕಿಯ ಬೆಳಕು ನೇರವಾಗಿ ಅವರ ಮುಖಕ್ಕೆ ಹೊಡೆಯುತ್ತಿತ್ತು, ಗೋಡೆ ಅಲ್ಲೇ ಪಕ್ಕದಲ್ಲಿ ಇತ್ತು. ನನ್ನ ನಗು ಅಲ್ಲಿಗೆ ನಿಂತಿತು.

ನರ್ಸಿಂಗ್ ಹೋಮಿನ ಗೇಟಿನಲ್ಲಿ ಸ್ಟೋರ್ ಅಣ್ಣನಿಗೆ ತಡೆಯಲಾಗಲಿಲ್ಲ. "ಅತ್ತೆ, ಇವತ್ತು ನಿಮ್ಮ ಯಜಮಾನರು ನಮ್ಮನ್ನೆಲ್ಲ ತೂಕಕ್ಕೆ ಹಾಕಿದ್ರು," ಎಂದು ಕೈ ಬಾಯಿ ತಿರುಗಿಸಿ ಪೂರ್ತಿ ಕಥೆ ಹೇಳಿದರು. ಕಥೆ ಚೆನ್ನಾಗಿಯೇ ಹೇಳಿದರು. ಅತ್ತೆ ನಗಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಕಟ್ಟುತ್ತಿದ್ದ ಕೈ ನಿಂತಿತು.

"ಎದುರಿಂದ ಗಾಡಿ ಬರ್ತಿತ್ತಾ?" ಎಂದು ಕೇಳಿದರು.

"ಲಾರಿ ಸಾಲು. ಯಾಕೆ?"

"ಏನಿಲ್ಲ," ಎಂದು ಹತ್ತಿ ಕೂತರು.

ಆ ರಾತ್ರಿ ನಾನು ಗಾರ್ಡಿನ ಜಾಗ ಬಿಟ್ಟು ಮಾವನ ಹಿಂದೆಯೇ ಹೋದೆ. ಊರಿನ ಹತ್ತಿರ ಹಳೆಯ ಸೇತುವೆ ರಿಪೇರಿಯಲ್ಲಿತ್ತು. ಅಲ್ಲಿ ಎಲ್ಲರೂ ನಡಿಗೆಯ ವೇಗಕ್ಕೆ ಇಳಿಯಬೇಕು. ಎಂಜಿನ್ನುಗಳ ಸದ್ದು ತಗ್ಗಿದಾಗ ಮೊದಲ ಸಲ ಅತ್ತೆಯ ಮಾತು ನನ್ನ ಕಿವಿಗೆ ಬಿತ್ತು.

"...ಮಿಕ್ಸಿ ನಾನೇ ಹಾಳು ಮಾಡಿದ್ದು ಅಂತಾಳೆ ನಿಮ್ಮ ಸೊಸೆ, ಎಡಕ್ಕೆ ಹಳ್ಳ ಇದೆ, ಸ್ವಲ್ಪ ಬಲಕ್ಕೆ, ಹಾಂ, ಸಾಕು. ನಾನು ಅದನ್ನ ಮುಟ್ಟೇ ಇಲ್ಲ. ಎದುರು ಕಾರು ಬಂತು, ನೋಡ್ಬೇಡಿ, ಹೀಗೇ ನೇರ ಹೋಗಿ. ಹೋಯ್ತು. ನೀವು ಮಗನಿಗೊಂದು ಮಾತು ಹೇಳ್ಬೇಕು. ಕಲ್ಲು ಇಟ್ಟಿದಾರೆ, ಎಡಕ್ಕೆ. ನಾನು ಹೇಳಿದ್ರೆ ಅತ್ತೆ ಬುದ್ಧಿ ಅಂತಾರೆ..."

ಮಾವನ ಹೆಲ್ಮೆಟ್ಟು ಹೌದು ಹೌದು ಎಂದು ಅಲ್ಲಾಡುತ್ತಿತ್ತು. ಅದು ಸೊಸೆಯ ವಿಷಯಕ್ಕೋ ಹಳ್ಳದ ವಿಷಯಕ್ಕೋ ಹೇಳಲು ಬರುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅಕ್ಕನಿಗೆ ಇದನ್ನು ಹೇಳಿದೆ. ಅವಳು ಚಹಾದ ಲೋಟ ಕೆಳಗಿಟ್ಟು, "ಎಷ್ಟು ದಿನದಿಂದ ಹೀಗೆ?" ಎಂದಳು. ನನಗೇನು ಗೊತ್ತು? ಆ ರಾತ್ರಿ ನರ್ಸಿಂಗ್ ಹೋಮಿನ ಗೇಟಿನಲ್ಲಿ ಅತ್ತೆಯೇ ನನ್ನನ್ನು ಪಕ್ಕಕ್ಕೆ ಕರೆದರು.

"ನೀನು ನಿನ್ನೆ ಹಿಂದೇನೇ ಬರ್ತಿದ್ದೆ. ಕೇಳಿಸ್ತು ಅಲ್ವಾ?"

"ಮಿಕ್ಸಿ ವಿಷಯ ಕೇಳಿಸ್ಲಿಲ್ಲ ಅತ್ತೆ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ." ಆಮೇಲೆ ದನಿ ತಗ್ಗಿಸಿದರು. "ಎದುರು ಲೈಟು ಬಿದ್ರೆ ಎಲ್ಲ ಬೆಳ್ಳಗೆ ಹೊಗೆ ಹಾಗಾಗುತ್ತೇನೋ ಅವರಿಗೆ. ನಂಗೆ ಹೇಳಿಲ್ಲ ಅವರು. ನಾನೂ ಕೇಳಿಲ್ಲ. ನಾನು ಹತ್ತಿದ ಮೇಲೆ ನಾನು ನೋಡ್ಕೋತೀನಿ, ಕಾರ್ಖಾನೆಯಿಂದ ಇಲ್ಲಿವರೆಗೆ ಬಿಳಿ ಗೆರೆ ಇದೆ ಅಂತ ಸುಮ್ಮನಿದ್ದೆ."

"ಡಾಕ್ಟ್ರಿಗೆ ತೋರಿಸ್ಬಹುದಲ್ಲ?"

"ತೋರಿಸಿದ್ರೆ ಗಾಡಿ ಓಡಿಸ್ಬೇಡಿ ಅಂತಾರೆ. ಆಮೇಲೆ ಇವರು ಮೊದಲನೇ ಪಾಳಿ ಕೇಳ್ತಾರೆ. ನಂದು ಎರಡನೇದು, ಬದಲಾಗಲ್ಲ. ಇವರು ಮನೇಲಿ ಮಲಗಿರೋವಾಗ ನಾನು ಬರ್ತೀನಿ, ನಾನು ಮಲಗಿರೋವಾಗ ಇವರು ಹೋಗ್ತಾರೆ." ಅತ್ತೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು. "ಆದ್ರೆ ತೂಕದ ಹಲಗೆ ಬದಲು ಬೇರೇನಾದ್ರೂ ಇದ್ದಿದ್ರೆ? ನೀವೂ ಮೂರು ಜನ ಹಿಂದೆ ಇದ್ರಿ."

ಹಾಗೆ ಅತ್ತೆ ಒಂದು ಉಪಾಯ ಹೂಡಿದರು. ಅವರು ಕರೆದರೆ ಮಾವ ಬರುವುದಿಲ್ಲ. ನಾನು ನನ್ನ ಕಣ್ಣು ನೋವು ಎಂದು ನಾಟಕ ಮಾಡಿ, ಒಬ್ಬನೇ ಹೋಗಲು ಭಯ, ಜೊತೆಗೆ ಬನ್ನಿ ಎಂದು ಕರೆಯಬೇಕು. ನನಗೆ ಭಯ ಎಂದರೆ ಯಾರೂ ಅನುಮಾನ ಪಡುವುದಿಲ್ಲ ಎಂಬ ಲೆಕ್ಕಾಚಾರ ಸರಿಯಾಗಿತ್ತು. ಮಾವ ಮರುಮಾತಿಲ್ಲದೆ ಬಂದರು.

ಕಣ್ಣಿನ ಡಾಕ್ಟರು ತಾಯಿಯ ವಯಸ್ಸಿನ ಹೆಂಗಸು. ಮೊದಲು ನನ್ನನ್ನು ಕೂರಿಸಿ ಗೋಡೆಯ ಅಕ್ಷರ ಓದಿಸಿದರು. ನಾನು ಗಂಭೀರವಾಗಿ ಓದಿದೆ. ಓದಿ ಮುಗಿಸಿದ ಮೇಲೆ ಅವರು, "ಇದರಲ್ಲಿ ಕೆಳಗಿನ ಸಾಲು ಪೂರ್ತಿ ನೀವೇ ಕಟ್ಟಿದ್ದು," ಎಂದರು. ನಾಟಕಕ್ಕೆ ಹೋದವನಿಗೆ ಕನ್ನಡಕ ಬಿತ್ತು. ಅಂದರೆ ಇಷ್ಟು ದಿನ ರೈಲಿನ ಎಂಜಿನ್ನಿಗೂ ಕಾಣುತ್ತಿರಲಿಲ್ಲ, ಗಾರ್ಡಿಗೂ ಕಾಣುತ್ತಿರಲಿಲ್ಲ. ನಡುವಿನ ಇಬ್ಬರು ಅದೃಷ್ಟದ ಮೇಲೆ ಮನೆ ಮುಟ್ಟುತ್ತಿದ್ದರು.

ಮಾವ ಹೊಟ್ಟೆ ಕುಣಿಸಿ ನಗುತ್ತಿರುವಾಗಲೇ ಡಾಕ್ಟರು, "ಬಂದಿದ್ದೀರಲ್ಲ, ನೀವೂ ಕೂತ್ಕೊಳ್ಳಿ," ಎಂದರು. ನಗು ನಿಂತಿತು. ಮಾವ ನನ್ನನ್ನು ನೋಡಿದರು. ಆಗ ಅವರಿಗೆ ಎಲ್ಲವೂ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಆದರೂ ಎದ್ದು ಹೋಗಿ ಕೂತರು.

ಎರಡೂ ಕಣ್ಣಿಗೆ ಪೊರೆ. ಒಂದರ ನಂತರ ಒಂದು ಆಪರೇಷನ್ ಆಗಬೇಕು. ವಾಸಿಯಾಗಿ, ತಾವು ಪರೀಕ್ಷೆ ಮಾಡಿ ಸರಿ ಎನ್ನುವವರೆಗೆ ರಾತ್ರಿ ಗಾಡಿ ಮುಟ್ಟಕೂಡದು ಎಂದರು ಡಾಕ್ಟರು. "ಇಷ್ಟು ದಿನ ಹೇಗೆ ಓಡಿಸಿದ್ರಿ?" ಎಂದು ಕೇಳಿದಾಗ ಮಾವ ಜೇಬಿನಿಂದ ಹತ್ತಿಬಟ್ಟೆ ತೆಗೆದು ಹೆಲ್ಮೆಟ್ಟಿನ ಗಾಜು ಒರೆಸತೊಡಗಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. "ಅವಳು ಹೇಳಿಕೊಟ್ಟಿದ್ದಾ?"

"ಹೂಂ."

"ಅವಳಿಗೆ ಗೊತ್ತು ಅಂತ ನಂಗೂ ಗೊತ್ತಿತ್ತು. ಹಳ್ಳ ಇದೆ, ಕಲ್ಲು ಇದೆ ಅಂತ ಯಾವ ಹೆಂಡ್ತಿ ಗಂಡನ ಹತ್ರ ಹರಟೆ ಹೊಡೀತಾಳೆ ಹೇಳು." ತಮ್ಮ ಚೀಟಿ ಮಡಿಸಿ ಜೇಬಿಗಿಟ್ಟು, "ಇವತ್ತೇ ಮೊದಲನೇ ಪಾಳಿಗೆ ಹೇಳಿ ಬಿಡ್ತೀನಿ," ಎಂದರು. ಹೇಳಿದ ರೀತಿ ಮಾತ್ರ ಯಾರೋ ಊರು ಬಿಟ್ಟು ಹೋಗುವವರಂತಿತ್ತು.

ಏನೋ ಒಂದು ಧೈರ್ಯದಲ್ಲಿ ನಾನು ಬಾಯಿ ಬಿಟ್ಟೆ. "ಪಾಳಿ ಬಿಡ್ಬೇಡಿ ಮಾವ. ನಾನು ಕೂರಿಸ್ಕೊಂಡು ಹೋಗ್ತೀನಿ. ಅತ್ತೆ ಅಕ್ಕನ ಸ್ಕೂಟರಲ್ಲಿ ಬರಲಿ."

ಮಾವ ನನ್ನ ಹೊಸ ಕನ್ನಡಕದ ಚೀಟಿಯನ್ನೂ ನನ್ನನ್ನೂ ನೋಡಿದರು. "ಮೊದಲು ಕನ್ನಡಕ ಬರಲಿ," ಎಂದರು.

ಕನ್ನಡಕ ಬಂತು. ನಾನು ಎಂಜಿನ್ ಆದೆ. ಬಡ್ತಿ ಸಿಕ್ಕಿತು ಎಂದು ಮನೆಗೆ ಫೋನು ಮಾಡಲಿಲ್ಲ, ಏಕೆಂದರೆ ಮೊದಲ ರಾತ್ರಿಯೇ ನನ್ನ ಅಂಗೈ ಒದ್ದೆಯಾಗಿ ಗ್ರಿಪ್ಪು ಜಾರುತ್ತಿತ್ತು. ಮುಂದೆ ಕೆಂಪು ದೀಪವಿಲ್ಲದ ರಸ್ತೆಯನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಎಷ್ಟು ಬೆಳಕು ನನ್ನ ದೀಪದ್ದೋ ಅಷ್ಟೇ ಜಗತ್ತು; ಆಚೆಗೆ ಏನಿದೆಯೋ ಯಾರೂ ಹೇಳುವವರಿಲ್ಲ. ಹಿಂದೆ ಕೂತ ಮಾವ ಹೇಳುವುದು ಅದನ್ನಲ್ಲ. "ಲೈಟು ಡಿಮ್ ಮಾಡು, ಪಾಪ ಎದುರಿನವನಿಗೂ ಹೆಂಡ್ತಿ ಇದಾಳೆ." "ತಿರುವು ಬಂದ ಮೇಲೆ ಬ್ರೇಕಲ್ಲ, ಮುಂಚೇನೇ." ಮಾತಿಲ್ಲದಾಗ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಪ್ರತಿ ಒತ್ತಿಗೂ ಗಾಡಿ ಕುಲುಕುತ್ತಿತ್ತು.

ಅತ್ತೆ ಅಕ್ಕನ ಸ್ಕೂಟರು ಹತ್ತಿದ ಮೇಲೆ ಮಾವ ಬೇರೆಯೇ ಮನುಷ್ಯರಾದರು. ಅಕ್ಕನ ಸ್ಕೂಟರು ನಮ್ಮ ಹಿಂದೆ. ಒಂದು ಹಂತದಲ್ಲಿ ರಸ್ತೆ ಖಾಲಿ ಇದೆ ಎಂದು ಅಕ್ಕ ಸ್ಕೂಟರನ್ನು ನಮ್ಮ ಪಕ್ಕಕ್ಕೆ ತಂದಳು, ಗಂಡ ಹೆಂಡತಿ ನಾಲ್ಕು ಮಾತಾಡಿಕೊಳ್ಳಲಿ ಎಂದು.

"ಮಗೂಗೆ ಜ್ವರ ಬಿಡ್ತಾ?" ಎಂದು ಮಾವ ಕೂಗಿದರು.

"ಯಾವ ಮಗು?"

"ವಾರ್ಡಿಂದು!"

"ಬಿಡ್ತು! ಸೊಸೆ ಫೋನ್—"

ಅಷ್ಟರಲ್ಲಿ ದೂರದಲ್ಲಿ ಒಂದು ಬೆಳಕು ಕಂಡಿತು. ಮಾವನೇ ಕೈ ಎತ್ತಿದರು. "ಹಿಂದೆ ಹೋಗಮ್ಮ. ಜೋಡಿ ಬೇಡ." ಸ್ಕೂಟರು ಹಿಂದೆ ಸರಿಯಿತು. ಆಮೇಲೆ ಅವರ ಕಾಲು ಬ್ರೇಕು ಒತ್ತುವುದನ್ನೂ ಬಿಟ್ಟಿತು. ನನ್ನ ಬೆನ್ನಿಗೆ ಒಬ್ಬ ಮನುಷ್ಯ ಕೂತಿದ್ದಾನೆ ಎಂದು ಅನ್ನಿಸದಷ್ಟು ಸುಮ್ಮನಾದರು. ಬೈದರೂ ಪರವಾಗಿಲ್ಲ ಎಂದುಕೊಂಡು ನಾನು ಒಂದು ತಿರುವಿನಲ್ಲಿ ಬೇಕೆಂದೇ ತಡವಾಗಿ ಬ್ರೇಕು ಹಿಡಿದೆ. ಬೈಯಲಿಲ್ಲ.

ಓಣಿಯ ಮೂಲೆ ಬಂತು. ಅಲ್ಲಿಂದ ಅವರ ಮನೆಗೆ ಉದ್ದನೆಯ ಓಣಿ. ಎರಡೂ ಬದಿ ಬಾಗಿಲು ಮುಚ್ಚಿದ ಅಂಗಡಿ, ಅಲ್ಲಲ್ಲಿ ಒಂದು ಬೀದಿದೀಪ. ನಾನು ಒಳಕ್ಕೆ ತಿರುಗಿಸಲು ಹೋದೆ.

"ಇಲ್ಲೇ ಇಳಿಸಪ್ಪ."

"ಮನೆವರೆಗೆ ಬಿಡ್ತೀನಿ ಮಾವ."

"ಕಾಲಿದೆಯಲ್ಲ ನಮಗೆ, ನಿಲ್ಸು."

ಅತ್ತೆಯೂ ಅಕ್ಕನಿಗೆ ಅದನ್ನೇ ಹೇಳಿದ್ದರು. ಇಬ್ಬರೂ ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡು ನಡೆಯಲು ಶುರು ಮಾಡಿದರು. ಮಾವ ಗಾಡಿಯನ್ನು ನಿಧಾನ ಓಡಿಸುತ್ತಾರೆ ಎಂದುಕೊಂಡಿದ್ದೆ. ನಡಿಗೆ ಅದಕ್ಕಿಂತ ನಿಧಾನ. ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲುತ್ತಿದ್ದರು. ಅತ್ತೆಯ ಕೈ ಗಾಳಿಯಲ್ಲಿ ಆಡುತ್ತಿತ್ತು. ಒಂದು ಕಡೆ ಅವರು ಸಿಟ್ಟಾದರು ಎಂದು ಕಾಣುತ್ತದೆ, ಮಾವನಿಂದ ಎರಡು ಹೆಜ್ಜೆ ಮುಂದೆ ಹೋದರು. ಮಾವ ಅವಸರ ಮಾಡಲಿಲ್ಲ. ಮುಂದಿನ ದೀಪದ ಹತ್ತಿರ ಅತ್ತೆಯೇ ನಿಂತು ಕಾದರು.

"ಏನು ಸಿನಿಮಾ ನೋಡ್ತಾ ಇದೀಯ? ಹೊರಡು," ಎಂದಳು ಅಕ್ಕ. ಅವಳೂ ನೋಡುತ್ತಲೇ ಇದ್ದಳು.

ಆ ಓಣಿ ಅವರಿಗೆ ಅಭ್ಯಾಸವಾಯಿತು. ಕಾರ್ಖಾನೆಯಲ್ಲಿ ಮಾವ ನನಗೆ, "ಇವತ್ತು ಸ್ವಲ್ಪ ಬೇಗ ಬಿಡು, ಮಾತು ಜಾಸ್ತಿ ಇದೆ," ಎಂದು ಹೇಳುವ ಮಟ್ಟಕ್ಕೆ ಬಂತು. ಬೇಗ ಬಿಡು ಎನ್ನುವವರೂ ಅವರೇ, ಸ್ಪೀಡು ಹಾಕಿದರೆ ಭುಜಕ್ಕೆ ಗುದ್ದುವವರೂ ಅವರೇ. ಒಂದು ಕಣ್ಣಿನ ಆಪರೇಷನ್ ಆಯಿತು, ಕಪ್ಪು ಕನ್ನಡಕ ಬಂತು. "ಸ್ಟೈಲಾ ಮಾವ?" ಎಂದು ಕೇಳುವ ಅವಕಾಶವನ್ನು ನಾನು ಬಿಡಲಿಲ್ಲ. ಎರಡನೆಯದೂ ಆಯಿತು. ರಸ್ತೆಗೆ ಗೆರೆ ಎಳೆಯುವವರೂ ಕೊನೆಗೆ ಬಂದು ಹೋದರು. ಒಂದು ದಿನ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ರಾತ್ರಿಯೂ ಓಡಿಸಬಹುದು, ಅಡ್ಡಿಯಿಲ್ಲ ಎಂದರು.

ಆ ರಾತ್ರಿ ಮಾವ ತಮ್ಮ ಗಾಡಿಯ ಗಾಜುಗಳನ್ನೆಲ್ಲ ಎರಡೆರಡು ಸಲ ಒರೆಸಿದರು. ನಾನು ಎಂಜಿನ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಹಿಂದಕ್ಕೆ ಹೋದೆ. ನಿಜ ಹೇಳಬೇಕೆಂದರೆ ಓಡಿ ಹೋದೆ. ಮಾವ ಹದವಾಗಿ ಓಡಿಸಿದರು. ಎದುರು ಬೆಳಕು ಬಂದಾಗ ಅವರ ಗಾಡಿ ಗೆರೆಯ ಪಕ್ಕದಲ್ಲೇ ದಾರದ ಹಾಗೆ ನೇರ ಹೋಯಿತು. ನರ್ಸಿಂಗ್ ಹೋಮಿನಲ್ಲಿ ಅತ್ತೆ ಭುಜ ಹಿಡಿದು ಹತ್ತಿದರು. ಸೇತುವೆಯ ಹತ್ತಿರ ಎಲ್ಲರೂ ನಿಧಾನ ಮಾಡಿದಾಗ ನಾನು ಮಾವನ ಹಿಂದಕ್ಕೆ ಸರಿದು ಬಂದು ಕಿವಿ ನಿಮಿರಿಸಿದೆ. ಅತ್ತೆ ಮಿಕ್ಸಿ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಹಳ್ಳ, ಕಲ್ಲು ಯಾವುದೂ ಇರಲಿಲ್ಲ.

ಓಣಿಯ ಮೂಲೆಯಲ್ಲಿ ಮಾವನ ಗಾಡಿ ಒಳಕ್ಕೆ ತಿರುಗಿತು. ಅವರ ಹಾರನ್ ಕೇಳಿ ನಾವು ಮುಂದೆ ಹೋಗಬೇಕು. ಆದರೆ ಅವರ ಕೆಂಪು ದೀಪ ಮೊದಲ ಅಂಗಡಿಯ ಹತ್ತಿರ ಆರಿತು. ಅತ್ತೆ ಇಳಿದರು. ಮಾವನೂ ಇಳಿದು ಗಾಡಿ ತಳ್ಳಲು ಶುರು ಮಾಡಿದರು.

ನಾನು ಸ್ಟ್ಯಾಂಡು ಹಾಕಿ ಓಡಿದೆ. "ಏನಾಯ್ತು ಮಾವ? ಪೆಟ್ರೋಲ್ ಖಾಲಿನಾ? ಪಂಕ್ಚರಾ? ಬಿಡಿ, ನಾನು ತಳ್ತೀನಿ."

ಮಾವ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗಾಡಿ ಸರಿಯಾಗಿದೆ."

"ಮತ್ತೆ?"

"ಏನೋ ಹೇಳ್ತಾ ಇದ್ಲು, ಗಾಡೀಲಿ ಹೋದ್ರೆ ಮಾತು ಅರ್ಧದಲ್ಲೇ ಮನೆ ಬಂದ್ಬಿಡುತ್ತೆ," ಎಂದರು ಅತ್ತೆಯ ಕಡೆ ಗದ್ದ ತೋರಿಸಿ.

"ನಾನಲ್ಲ, ನೀವು ಹೇಳ್ತಾ ಇದ್ದದ್ದು," ಎಂದರು ಅತ್ತೆ.

"ಸರಿ, ನಾನೇ. ನಿಂಗೆ ನಿದ್ದೆ ಬರಲ್ವೇನೋ? ಹೋಗೋ."

ನಾನು ಬಾಲ ಮುದುರಿಕೊಂಡು ತಿರುಗಿ ಬಂದೆ. ಅಕ್ಕ ಸ್ಕೂಟರಿನ ಮೇಲೆ ಕೂತು, ನಗು ಕಾಣಬಾರದೆಂದು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡಿದ್ದಳು. ಓಣಿಯಲ್ಲಿ ಒಂದು ಕಡೆ ಗಾಡಿ, ಒಂದು ಕಡೆ ಹೆಂಡತಿ, ನಡುವೆ ಮಾವ. ಗಾಡಿಗೆ ಭಾರವಿತ್ತು, ಏರು ಬಂದಾಗ ಅವರ ಉಸಿರು ನಮ್ಮವರೆಗೂ ಕೇಳುತ್ತಿತ್ತು. ಆಗೆಲ್ಲ ಅತ್ತೆ ಮಾತು ನಿಲ್ಲಿಸದೆ, ಹಿಂದಿನ ಸೀಟಿಗೆ ಒಂದು ಕೈ ಕೊಟ್ಟು ತಳ್ಳುತ್ತಿದ್ದರು.